ಸಿಮ್ಸ್ 3 ಬಿಟ್ಟು ಸಿಮ್ಸ್ 4ಕ್ಕೆ ಹೋಗ್ಲಾ? ಅಜ್ಜಿ ಮನೆ ಕಟ್ಟೋದಕ್ಕೆ ಯಾವ್ದು ಸರಿ ಹೇಳಿ

ಡೊಂಬಿವಲಿ_ಕುಂದಾಪ್ರ

ಎಲ್ರಿಗೂ ನಮಸ್ಕಾರ. ನಾನಿರೋದು ಡೊಂಬಿವಲಿ ಈಸ್ಟ್, ಊರು ಕುಂದಾಪ್ರದ ಹತ್ರ. ಸಿಮ್ಸ್ (ಮನೆ ಕಟ್ಟಿ, ಅದ್ರಲ್ಲಿ ಜನರನ್ನ ಬಾಳಿಸೋ ಕಂಪ್ಯೂಟರ್ ಆಟ) ಆಡೋ ಕನ್ನಡದವ್ರು ಇಲ್ಲಿ ಇಷ್ಟು ಜನ ಇದ್ದೀರಿ ಅಂತ ಗೊತ್ತೇ ಇರ್ಲಿಲ್ಲ, ಅದಕ್ಕೇ ಧೈರ್ಯ ಮಾಡಿ ಕೇಳ್ತಾ ಇದ್ದೇನೆ, ಸ್ವಲ್ಪ ಉದ್ದ ಆಗ್ತದೆ.

ನಾನು ಮೊದ್ಲು ಆಡಿದ್ದು ಸಿಮ್ಸ್ 2, ಮಾವನ ಮನೆ ಕಂಪ್ಯೂಟರ್‌ನಲ್ಲಿ. ಆಮೇಲೆ 2011ರಿಂದ ಸಿಮ್ಸ್ 3, ಅದನ್ನ ಬಿಟ್ಟದ್ದೇ ಇಲ್ಲ. ಆಟ ಅನ್ನೋದಕ್ಕಿಂತ ಅದ್ರಲ್ಲಿ ನಾನು ಮನೆ ಕಟ್ಟೋದೇ ಜಾಸ್ತಿ. ಊರಲ್ಲಿ ನಮ್ಮ ಅಜ್ಜಿ ಮನೆ ಪಾಲಾಗಿ, ಮಾರಿ ಹೋಗಿ, ನಾಲ್ಕು ವರ್ಷದ ಹಿಂದೆ ಕೆಡವಿದ್ರು. ಅಮ್ಮ ಎರಡು ದಿನ ಊಟ ಮಾಡ್ಲಿಲ್ಲ. ಆಗ ನಾನು ಸಿಮ್ಸ್ 3ರಲ್ಲಿ ಆ ಮನೆ ಕಟ್ಟೋಕೆ ಶುರು ಮಾಡಿದೆ. ಹೆಂಚಿನ ಮಾಡು, ಜಗಲಿ, ಅಂಗಳದಲ್ಲಿ ತುಳಸಿಕಟ್ಟೆ, ಹಿಂದೆ ಹಟ್ಟಿ, ಬಾವಿಕಟ್ಟೆ. ಕ್ರಿಯೇಟ್ ಎ ಸ್ಟೈಲ್ (ಬಣ್ಣದ ಚಕ್ರದಲ್ಲಿ ಸಾಮಾನಿಗೆ ಬೇಕಾದ ಬಣ್ಣ, ಪ್ಯಾಟರ್ನ್ ಹಾಕೋ ಟೂಲ್) ಇರೋದ್ರಿಂದ ನೆಲಕ್ಕೆ ಆ ಕಾವಿ ಕೆಂಪು ಬಣ್ಣ ಹದವಾಗಿ ಹಿಡಿಯೋದಕ್ಕೆ ಆಯ್ತು, ಅಜ್ಜಿ ಮಂಚದ ಮೇಲಿನ ಹೊದಿಕೆಗೆ ಅವ್ರ ಹಳೇ ಸೀರೆದೇ ಚೌಕುಳಿ ತರ ಪ್ಯಾಟರ್ನ್ ಹಾಕಿದ್ದೇನೆ. ಅಮ್ಮ ಪಕ್ಕದಲ್ಲಿ ಕೂತು "ಆ ಕಿಟಕಿ ಅಲ್ಲಿ ಇರ್ಲಿಲ್ಲ, ಇನ್ನೂ ಬಲಕ್ಕೆ" ಅಂತ ಹೇಳ್ತಾ ಹೇಳ್ತಾ ಮುಗಿಸಿದ್ದು.

ಈಗ ಕಷ್ಟ ಎಂತ ಅಂದ್ರೆ ಆ ಸೇವ್ ಫೈಲ್ ತೆರೆಯೋದಕ್ಕೇ ಹತ್ತು ನಿಮಿಷ ಬೇಕು, ಸೇವ್ ಮಾಡೋಕೆ ಹೋದ್ರೆ ಎರರ್ 12 ಅಂತ ಬರ್ತದೆ, ಎರಡು ಸಲ ಇಡೀ ಸಂಜೆಯ ಕೆಲಸ ಹೋಯ್ತು. ಸಿಮ್ಸ್ 4 ಬೇಸ್ ಗೇಮ್ (ಮೂಲ ಆಟ) ಹೇಗೂ ಫ್ರೀ, ಅದಕ್ಕೆ ಹೋಗ್ಲಾ ಅಂತ ಯೋಚನೆ. ಆದ್ರೆ 2014ರಲ್ಲಿ ಅದು ಬಂದಾಗ ಓದಿದ್ದು ನೆನಪುಂಟು, ಈಜುಕೊಳ ಇಲ್ಲ, ಪುಟ್ಟ ಮಕ್ಕಳಿಲ್ಲ, ಬಣ್ಣದ ಚಕ್ರ ಇಲ್ಲ, ಊರೆಲ್ಲ ತುಂಡು ತುಂಡು, ಪಕ್ಕದ ಮನೆಗೆ ಹೋದ್ರೂ ಲೋಡಿಂಗ್. ಆಗ ಸಿಟ್ಟು ಬಂದು ಆ ಕಡೆ ತಲೆ ಹಾಕ್ಲಿಲ್ಲ. ಇಷ್ಟು ವರ್ಷದಲ್ಲಿ ಅದ್ರಲ್ಲಿ ಎಂತ ಸೇರಿದೆ, ಎಂತ ಇನ್ನೂ ಬಂದೇ ಇಲ್ಲ, ನನ್ನಂತವ್ಳಿಗೆ ಅದು ಸಾಕಾಗ್ತದಾ? ಅಕ್ಕನ ಮಗಳಿಗೆ ಹತ್ತು ವರ್ಷ, ಅವಳೂ ಆಡ್ತೇನೆ ಅಂತಿದ್ದಾಳೆ. ಲ್ಯಾಪ್‌ಟಾಪ್ ಸಾಧಾರಣದ್ದು, 8 ಜಿಬಿ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ.

ಥಾಣೆ_ಶಿವಮೊಗ್ಗ

ಮೊದ್ಲು ನಿಮ್ಮ ಎರರ್ 12 ವಿಷ್ಯ ಹೇಳಿಬಿಡ್ತೀನಿ, ಅದು ನಿಮ್ಮ ಲ್ಯಾಪ್‌ಟಾಪ್ ತಪ್ಪಲ್ಲ. ವಿಂಡೋಸ್‌ನಲ್ಲಿ ಸಿಮ್ಸ್ 3 ಅನ್ನೋದು 32 ಬಿಟ್ ಪ್ರೋಗ್ರಾಂ, ನೀವು 16 ಜಿಬಿ ಹಾಕ್ಸಿದ್ರೂ ಅದು 4 ಜಿಬಿ ದಾಟಿ ಮುಟ್ಟಕ್ಕಾಗಲ್ಲ, ಇಡೀ ಊರನ್ನ ಒಂದೇ ಸಲ ನಡೆಸ್ತಾ ಇರುತ್ತೆ, ಪ್ಯಾಕ್ (ದುಡ್ಡು ಕೊಟ್ಟು ಆಟಕ್ಕೆ ಸೇರಿಸೋ ಭಾಗ) ಜಾಸ್ತಿ ಆದಷ್ಟೂ ಭಾರ, ಸೇವ್ ಮಾಡೋ ಹೊತ್ತಿಗೆ ಮೆಮೊರಿ ಖಾಲಿ ಆಗಿ 12 ಅಂತ ಬರೋದು. ಎನ್‌ರಾಸ್ ಅವರ ಓವರ್‌ವಾಚ್, ಎರರ್‌ಟ್ರ್ಯಾಪ್ ಮಾಡ್‌ಗಳನ್ನ (ಆಟಗಾರರೇ ಮಾಡಿದ ಸೇರ್ಪಡೆಗಳು) ಹಾಕಿ, ಸಿಕ್ಕಾಕ್ಕೊಂಡಿರೋ ಸಿಮ್‌ಗಳನ್ನ (ಆಟದೊಳಗಿನ ಜನರನ್ನ), ಬೇಡದ ಕಾರುಗಳನ್ನ ದಿನಾ ರಾತ್ರಿ ತೆಗೀತಾ ಇರುತ್ತೆ, ಉಸಿರಾಡೋಕೆ ಸ್ವಲ್ಪ ಜಾಗ ಸಿಗುತ್ತೆ. ಮತ್ತೆ ಯಾವಾಗ್ಲೂ "ಸೇವ್ ಆಸ್" ಮಾಡಿ, ಹೊಸ ಹೆಸರು ಕೊಟ್ಟು. ಹಳೇ ಫೈಲ್ ಮೇಲೆ ಬರೀಬೇಡಿ. ಆ ಮನೆ ಫೈಲ್‌ನ ಇವತ್ತೇ ಪೆನ್‌ಡ್ರೈವ್‌ಗೆ ಕಾಪಿ ಮಾಡಿಟ್ಕೊಳ್ಳಿ, ಇದನ್ನ ನಾಳೆ ಅಂತ ಬಿಡಬೇಡಿ.

ಇನ್ನು ಸಿಮ್ಸ್ 4. ನಾನು ಅದನ್ನ ಬಂದ ವಾರವೇ ತಗೊಂಡವನು, 2014ರ ಸೆಪ್ಟೆಂಬರ್ 2ಕ್ಕೆ ಬಂದಿದ್ದು. ಆಗ ನಿಜವಾಗ್ಲೂ ಹೊಟ್ಟೆ ಉರಿದಿತ್ತು. ಮಗು ಹುಟ್ಟಿದ್ರೆ ತೊಟ್ಟಿಲಿಗೇ ಅಂಟ್ಕೊಂಡಿರೋದು, ತೊಟ್ಟಿಲಿಂದ ಎತ್ತಿ ಮನೆಯೊಳಗೆ ಓಡಾಡಿಸೋ ಹಾಗಿಲ್ಲ, ಒಂದು ದಿನ ಇದ್ದಕ್ಕಿದ್ದಂಗೆ ಸ್ಕೂಲಿಗೆ ಹೋಗೋ ಹುಡುಗ ಆಗಿ ಎದ್ದು ನಿಲ್ಲೋದು. ಅಂಬೆಗಾಲಿಲ್ಲ, ತೊದಲು ಮಾತಿಲ್ಲ. ಸಿಮ್ಸ್ 2ರಲ್ಲೇ ಇದ್ದ ವಯಸ್ಸು ಕಣ್ರೀ ಅದು, 2004ರಲ್ಲಿ! ಹತ್ತು ವರ್ಷ ಆದ್ಮೇಲೆ ಬಂದ ಆಟದಲ್ಲಿ ಇಲ್ಲ ಅಂದ್ರೆ ಯಾರಿಗೆ ಬೇಜಾರಾಗಲ್ಲ.

ಆಮೇಲೆ ಒಂದೊಂದೇ ಫ್ರೀ ಅಪ್‌ಡೇಟ್‌ನಲ್ಲಿ ಬಂತು, ಅಕ್ಟೋಬರ್ 2014ರಲ್ಲಿ ದೆವ್ವಗಳು, ನವೆಂಬರ್‌ನಲ್ಲಿ ಈಜುಕೊಳ, 2015ರ ಶುರುವಿಗೆ ನೆಲಮಾಳಿಗೆ, 2017ರ ಜನವರಿಗೆ ಟಾಡ್ಲರ್‌ಗಳು (ನಡೆಯೋಕೆ ಕಲಿಯೋ ಪುಟ್ಟ ಮಕ್ಕಳು), 2018ರ ನವೆಂಬರ್‌ಗೆ ನೆಲ ಏರಿಳಿತ ಮಾಡೋ ಟೂಲ್, 2019ರಲ್ಲಿ ತಿರುವಿನ ಮೆಟ್ಟಿಲು, 2020ರಲ್ಲಿ ಏಣಿ, 2022ರ ಅಕ್ಟೋಬರ್‌ನಲ್ಲಿ ಬೇಸ್ ಗೇಮೇ ಫ್ರೀ ಆಯ್ತು, 2023ರ ಮಾರ್ಚ್‌ಗೆ ಎಳೆ ಮಕ್ಕಳಿಗೂ ಒಂದು ಬೇರೆ ಹಂತ. ಆದ್ರೆ ಈಗ ಶುರು ಮಾಡೋವ್ರಿಗೆ ಈ ಕಾದಾಟ ಏನೂ ಗೊತ್ತಾಗಲ್ಲ, ಎಲ್ಲ ಸಿದ್ಧವಾಗಿ ಸಿಗುತ್ತೆ.

ಇನ್ನೂ ಬರದೇ ಇರೋದು ಮೂರು. ಬಣ್ಣದ ಚಕ್ರ ಇಲ್ಲ, ಒಂದೊಂದು ಸಾಮಾನಿಗೆ ಅವ್ರು ಕೊಟ್ಟ ಬಣ್ಣಗಳಲ್ಲೇ ಆರಿಸ್ಕೋಬೇಕು. ಓಪನ್ ವರ್ಲ್ಡ್, ಅಂದ್ರೆ ಲೋಡಿಂಗ್ ಇಲ್ದೆ ಇಡೀ ಊರು ಸುತ್ತೋದು, ಇಲ್ಲ. ಓಡಿಸೋ ಕಾರಿಲ್ಲ. ಸಿಮ್ಸ್ 2ರಲ್ಲಿ ಬೆಳಗ್ಗೆ ಕಾರ್‌ಪೂಲ್ ಬಂದು ಹಾರ್ನ್ ಹೊಡೆಯೋದು ನೆನಪಿದೆಯಾ, ಇದರಲ್ಲಿ ಆಫೀಸಿಗೆ ಹೊರಟವನು ರಸ್ತೆ ತನಕ ಹೋಗಿ ಮಾಯ. ನಾನು ದಿನಾ ಥಾಣೆಯಿಂದ ಲೋಕಲ್ ಹಿಡಿದು ಹೋಗೋವ್ನು, ಮನೆ ಬಿಟ್ಟು ಹೋಗೋದು ಅಂದ್ರೆ ಎಷ್ಟು ದೊಡ್ಡ ಕೆಲ್ಸ ಅಂತ ನಮ್ಗೆ ಗೊತ್ತು, ಅದು ಆಟದಲ್ಲಿ ಕಾಣ್ಬೇಕು ಅಂತ ನಂಗೆ ಈಗ್ಲೂ ಆಸೆ.

ಆದ್ರೂ ನಿಮ್ಮ ಲ್ಯಾಪ್‌ಟಾಪ್‌ಗೆ ಸಿಮ್ಸ್ 4 ಸಲೀಸಾಗಿ ಓಡುತ್ತೆ. ಊರನ್ನ ತುಂಡು ಮಾಡಿದ್ದಕ್ಕೆ ಸಿಕ್ಕಿದ ಲಾಭ ಅದೇ.

ಪುಣೆ_ಹುಬ್ಬಳ್ಳಿ

ಅಕ್ಕಾರ, ನಾ ಸ್ವಲ್ಪ ಬ್ಯಾರೆ ಹೇಳ್ತೇನ್ರಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನೀವು ಸಿಮ್ಸ್ 3 ಬಿಡಬ್ಯಾಡ್ರಿ.

ನಾ ಸಣ್ಣಾಂವ ಇದ್ದಾಗ ನಾವು ಪುಣೆದಾಗ ಶನಿವಾರ ಪೇಟ ವಾಡೇದಾಗ ಇದ್ವಿ. ನಡುವ ಅಂಗಳ, ಸುತ್ತ ಎಂಟ ಮನಿ, ಒಂದ ನಳ. ಒಬ್ಬರ ಮನ್ಯಾಗ ಒಗ್ಗರಣಿ ಹಾಕಿದ್ರ ಎಲ್ಲಾರ ಮನಿಗೂ ವಾಸನಿ ಹೋಗ್ತಿತ್ತು. ಈಗ ಮನಿ ಅಂದ್ರ ನನಗ ನಾಕ ಗ್ವಾಡಿ ಅಷ್ಟ ಅಲ್ಲ, ಬಾಗಲಾ ತಗದ್ರ ಎದುರಿಗೆ ಏನ ಕಾಣ್ತದ, ಯಾರು ಹಾದ ಹೋಗ್ತಾರ, ಅದೂ ಮನಿನ. ಸಿಮ್ಸ್ 3ರಾಗ ಅದು ಇತ್ತು. ನಿಮ್ಮ ಸಿಮ್ ಜಗಲಿ ಮ್ಯಾಲಿಂದ ಎದ್ದು, ಅಂಗಳಾ ದಾಟಿ, ಓಣಿ ಹಿಡದು, ಕೆರಿ ದಂಡಿಗೆ ನಡಕೋತ ಹೋಗತಾನ, ನೀವು ಹಿಂದಿಂದ ನೋಡಕೋತ ಹೋಗಬಹುದು, ಎಲ್ಲೂ ಪರದೆ ಬೀಳೂದಿಲ್ಲ. ಒಬ್ಬ ಮನಿಯಾಗ ಮಲಗಿರತಾನ, ಇನ್ನೊಬ್ಬ ಪ್ಯಾಟ್ಯಾಗ ಇರತಾನ, ಇಬ್ಬರನ್ನೂ ಒಂದ ಹೊತ್ತಿಗೆ ನೋಡಬಹುದು. ಸಿಮ್ಸ್ 4ರಾಗ ಇದನ್ನ ಕೊಯ್ದ ಹಾಕ್ಯಾರ. ನಿಮ್ಮ ಅಜ್ಜಿ ಮನಿಯಿಂದ ಪಕ್ಕದ ಮನಿಗೆ ಮೊಸರ ಕೇಳಾಕ ಹೋಗೂಣು ಅಂದ್ರ ಲೋಡಿಂಗ್. ಹಳ್ಳಿ ಮನಿಗೆ ಇದು ಒಗ್ಗೂದಿಲ್ರಿ, ನನ್ನ ಮನಸಿಗಂತೂ ಒಗ್ಗಲಿಲ್ಲ.

ಇನ್ನೊಂದ ಮಾತು. ಸಿಮ್ಸ್ 3ರಾಗ ನೀವು ಒಂದ ಮನಿ ಆಡೂ ಹೊತ್ತಿನ್ಯಾಗ ಊರಾಗ ಉಳದಾವ್ರು ಮದವಿ ಆಗ್ತಾರ, ಮಕ್ಕಳ ಮಾಡ್ಕೋತಾರ, ಊರ ಬಿಟ್ಟ ಹೋಗ್ತಾರ. ಸಿಮ್ಸ್ 4ರಾಗ ಇಂಥಾದ್ದು ಬರಾಕ 2021ರ ಕಡಿತನ ಕಾದೇವ್ರಿ. ಅದಕ್ಕೂ ಮೊದಲ ಊರಾಗಿನ ಮಂದಿ ಬರೇ ಮುಪ್ಪಾಗಿ ಸಾಯತಿದ್ರು, ಮನಿ ಖಾಲಿ ಖಾಲಿ. ಈಗ ಬಂದದ, ಮತ್ತ ನೀವು ಮನಿ ಮನಿಗೆ ಬೇಕಾದ್ದ ಬ್ಯಾಡಾದ್ದ ಆರಿಸಬಹುದು, ಅದೊಂದು ಛಲೋ ಮಾಡ್ಯಾರ ಅಂತ ಒಪ್ಪತೇನಿ.

ಭಾವನೆ ಭಾವನೆ ಅಂತ ಬಾಳ ಹೇಳ್ತಾರ ಸಿಮ್ಸ್ 4ಕ್ಕ, ಖುಷಿ, ಸಿಟ್ಟು, ದುಃಖ, ನಾಚಿಕಿ. ಸಿಟ್ಟ ಬಂದಾಗ ಬರದ ಚಿತ್ರ ಬ್ಯಾರೆ, ದುಃಖದಾಗ ಬರದದ್ದು ಬ್ಯಾರೆ, ಅದು ನನಗೂ ಸೇರ್ತದ. ಆದ್ರ ಮನ್ಯಾಗ ಅಜ್ಜಿ ಸತ್ತ ದಿನಾನ ಒಂದ ಛಂದ ಪೇಂಟಿಂಗ್ ಇರೂ ಖೋಲ್ಯಾಗ ಕುಂತು ಛಲೋ ಊಟಾ ಮಾಡಿದ್ರ ಸಿಮ್ ನಗಾಕ ಚಾಲೂ ಮಾಡ್ತಾನ್ರಿ. ಹಂಗ ಆಗಬಾರದು. ಸತ್ತ ಮನ್ಯಾಗ ಹನ್ನೆರಡ ದಿವಸ ಏನಿರ್ತದ ಅನ್ನೂದು ನಮಗ ಗೊತ್ತದ.

ವಾಸ್ಕೋ_ಕಾರವಾರ

ಪುಣೆಯ ತಮ್ಮ ಹೇಳಿದ್ದು ಓದಿ ಮನಸ್ಸಿಗೆ ತಟ್ಟಿತು, ಆದ್ರೆ ನಾನು ಸಿಮ್ಸ್ 4 ಕಡೆ ಮಾತಾಡ್ತೆ. ನಾನು ಎರಡು ಮಕ್ಕಳ ತಾಯಿ, ವಾಸ್ಕೋದಲ್ಲಿ ಇರೂದು, ರಾತ್ರಿ ಅವು ಮಲಗಿದ ಮೇಲೆ ಒಂದು ತಾಸು ಆಡ್ತೆ.

ತಂಗಿ, ನೀನು ಮನೆ ಬಗ್ಗೆ ಕೇಳಿದೆ, ಮನೆಯಲ್ಲಿ ಇರೂವ್ರ ಬಗ್ಗೆ ಯಾರೂ ಹೇಳ್ಲಿಲ್ಲ. 2023ರಲ್ಲಿ ಬಂದ ಎಳೆ ಮಕ್ಕಳನ್ನ ನೋಡು. ಮೊದ್ಲು ತಲೆ ಎತ್ತೂಕೆ ಕಲೀತದೆ, ಬೋರಲಾಗ್ತದೆ, ಆಮೇಲೆ ಕೂರ್ತದೆ, ಅಂಬೆಗಾಲಿಡ್ತದೆ. ನಮ್ಮಲ್ಲಿ ಮಗು ಬೋರಲು ಬಿದ್ದರೆ ಮನೆಮಂದಿಯೆಲ್ಲ ಬಂದು ನೋಡೂದಿಲ್ವಾ, ಅದೇ ಸಂತೋಷ ಆ ಆಟದಲ್ಲಿ ನನಗೆ ಆಯ್ತು, ನಿಜವಾಗ್ಲೂ ಕಣ್ಣಲ್ಲಿ ನೀರು ಬಂತು. ಟಾಡ್ಲರ್ ಆದ ಮೇಲೆ ಹಟ, ಊಟ ಚೆಲ್ಲೂದು, ಕತೆ ಕೇಳ್ತಾ ಕೇಳ್ತಾ ನಿದ್ದೆ ಹೋಗೂದು. ಸಿಮ್ಸ್ 3ರಲ್ಲೂ ಪುಟ್ಟ ಮಕ್ಕಳು ಇದ್ದವು ಹೌದು, ನಡೆಯೂಕೆ, ಮಾತಾಡೂಕೆ, ಪಾಟಿಗೆ ಕೂರೂಕೆ ಕಲಿಸೂದಿತ್ತು, ಆದ್ರೆ ಒಂದಕ್ಕೊಂದು ಸ್ವಭಾವದಲ್ಲಿ ಇಷ್ಟು ವ್ಯತ್ಯಾಸ ಇರ್ಲಿಲ್ಲ. ತಡವಾಗಿ ಬಂತು, ತುಂಬಾ ತಡ. ಬಂದಿದ್ದು ಮಾತ್ರ ಚೆನ್ನಾಗಿ ಬಂತು.

ಜಗಲಿಗೆ ಒಂದು ಉಪಾಯ ಹೇಳ್ತೆ. 2020ರ ಕೊನೆಗೆ ಪ್ಲಾಟ್‌ಫಾರ್ಮ್ ಅಂತ ಒಂದು ಟೂಲ್ ಕೊಟ್ರು, ಒಂದೇ ಕೋಣೆಯ ಒಂದು ಭಾಗ ಮಾತ್ರ ನಿನಗೆ ಬೇಕಾದಷ್ಟು ಎತ್ತರಕ್ಕೆ ಏರಿಸಬಹುದು, ಮತ್ತೊಂದು ಭಾಗ ತಗ್ಗಿಸಬಹುದು. ಹಳೇ ಮನೆಯಲ್ಲಿ ಅಂಗಳದಿಂದ ಮೆಟ್ಟಿಲು ಹತ್ತಿ ಹೊರಜಗಲಿ, ಅಲ್ಲಿಂದ ಇನ್ನೊಂದು ಮೆಟ್ಟಿಲು ಒಳಜಗಲಿ, ನಡುವೆ ತಗ್ಗಿದ ನಡುಮನೆ, ಇದನ್ನೆಲ್ಲ ಮಾಡ್ಲಿಕ್ಕೆ ಬರ್ತದೆ. ನಾನು ನನ್ನ ಅತ್ತೆ ಮನೆ ಹಾಗೇ ಕಟ್ಟಿದ್ದೆ. ಕೋಣೆಯನ್ನ ಸಾಮಾನು ಸಮೇತ ಎತ್ತಿ ಪಕ್ಕಕ್ಕೆ ಇಡಬಹುದು, ನಿನ್ನ ಅಮ್ಮ "ಇನ್ನೂ ಬಲಕ್ಕೆ" ಅಂದ್ರೆ ಗೋಡೆ ಒಡೆದು ಮತ್ತೆ ಕಟ್ಟೂದು ಬೇಡ, ಎಳೆದ್ರೆ ಆಯ್ತು. ಕಾವಿ ಕೆಂಪು ಮಾತ್ರ ಸಿಕ್ಕಿದ್ದರಲ್ಲಿ ಹತ್ತಿರದ್ದು ನೋಡ್ಕೊಬೇಕು, ಅದು ನಷ್ಟವೇ, ನಾನು ಸುಳ್ಳು ಹೇಳೂದಿಲ್ಲ.

ಈ ಆಟ ಮೊದ್ಲು ಮಾಡಿದ ವಿಲ್ ರೈಟ್ ಅವರ ಮನೆ 1991ರಲ್ಲಿ ಓಕ್‌ಲ್ಯಾಂಡ್ ಗುಡ್ಡದ ಬೆಂಕಿಯಲ್ಲಿ ಸುಟ್ಟು ಹೋಗಿತ್ತು, ಮತ್ತೆ ಸಂಸಾರಕ್ಕೆ ಒಂದೊಂದೇ ಸಾಮಾನು ತರುವಾಗ ಬಂದ ಯೋಚನೆಗಳೂ ಸೇರಿ 2000ದಲ್ಲಿ ಮೊದಲ ಸಿಮ್ಸ್ ಬಂತು. ನೀನು ಮಾಡ್ತಾ ಇದ್ದದ್ದು ಅದೇ ಕೆಲಸ ತಂಗಿ, ಹೋದ ಮನೆಯನ್ನ ತಿರುಗಿ ಕಟ್ಟೂದು. ಅದಕ್ಕೇ ಇಷ್ಟು ಬರೀತಾ ಇದ್ದೆ.

ದುಡ್ಡಿನ ಮಾತು. ಬೇಸ್ ಗೇಮ್ ಫ್ರೀ, ಪ್ಯಾಕ್‌ಗಳು ಅಲ್ಲ. ಅಮೆರಿಕದ ಬೆಲೆ ಒಂದು ಎಕ್ಸ್‌ಪಾನ್ಷನ್‌ಗೆ (ದೊಡ್ಡ ಪ್ಯಾಕ್) 40 ಡಾಲರ್ ಇತ್ತು, ಚಿಕ್ಕ ಕಿಟ್‌ಗೆ 5 ಡಾಲರ್ ಇತ್ತು. ಎಲ್ಲ ತಗೊಳ್ಳೂಕೆ ಹೋದ್ರೆ ಸಂಬಳ ಹೋಗ್ತದೆ. ಸೇಲ್ ಬರೂತನಕ ಕಾಯಿ, ಒಂದೊಂದೇ ತಗೊ. ಮುಂಬೈಯ ಫ್ಯಾಷನ್ ಸ್ಟ್ರೀಟ್ ನೋಡಿ ಮಾಡಿದ ಬಟ್ಟೆಗಳ ಕಿಟ್ ಒಂದು 2021ರಲ್ಲಿ ಬಂತು, ಬೇಕಾದ್ರೆ ಅದು. ಅಕ್ಕನ ಮಗಳ ವಿಷಯ, ಯುರೋಪಿನಲ್ಲಿ ಇದಕ್ಕೆ 12 ವರ್ಷ ಮೇಲ್ಪಟ್ಟವರಿಗೆ ಅಂತ ಗುರುತಿದೆ, ಅಮೆರಿಕದಲ್ಲಿ ಹದಿಹರೆಯದವರಿಗೆ ಅಂತ. ಹತ್ತು ವರ್ಷದವಳು ಒಬ್ಬಳೇ ಆಡೂದು ಬೇಡ, ನಿನ್ನ ಪಕ್ಕ ಕೂತು ಮನೆ ಕಟ್ಟಲಿ. ಮತ್ತೆ ಖರೀದಿ ಮಾಡೂ ಅಕೌಂಟ್ ಅವಳ ಕೈಗೆ ಕೊಡಬೇಡ.

ಡೊಂಬಿವಲಿ_ಕುಂದಾಪ್ರ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಥಾಣೆಯವ್ರು ಹೇಳಿದ ಹಾಗೆ ಅವತ್ತೇ ರಾತ್ರಿ ಫೈಲ್ ಪೆನ್‌ಡ್ರೈವ್‌ಗೆ ಹಾಕಿದೆ, ಓವರ್‌ವಾಚ್ ಹಾಕಿದ ಮೇಲೆ ಮೂರು ಸಲ ಸೇವ್ ಆಯ್ತು, ಎರರ್ ಬರ್ಲಿಲ್ಲ.

ಮೊನ್ನೆ ಶನಿವಾರ ಸಿಮ್ಸ್ 4 ಇಳಿಸಿಕೊಂಡೆ. ಇನ್ನೊಂದು ಪ್ರಶ್ನೆ ಉಳೀತು, ಆಫೀಸಿನಲ್ಲಿ ಒಬ್ರು ಇನ್‌ಜೋಯ್ ಅಂತ ಹೊಸ ಆಟ ಉಂಟು, ಅದ್ರಲ್ಲಿ ಸಿಮ್ಸ್ 3ರ ಹಾಗೆ ಬಣ್ಣ ಪ್ಯಾಟರ್ನ್ ಎಲ್ಲ ಬದಲಾಯಿಸ್ಬಹುದು, ಕಾರೂ ಓಡಿಸ್ಬಹುದು ಅಂದ್ರು. ಅದಕ್ಕೆ ಕಾಯ್ಬೇಕಾ? ಮತ್ತೆ ಸಿಮ್ಸ್ 5 ಬರ್ತದೆ ಅಂತ ಕೇಳಿದ್ದೆ, ಅದು ನಿಜವಾ?

ಥಾಣೆ_ಶಿವಮೊಗ್ಗ

ಇನ್‌ಜೋಯ್ ಕ್ರಾಫ್ಟನ್‌ನವ್ರದು, 2025ರ ಮಾರ್ಚ್ 28ಕ್ಕೆ ಅರ್ಲಿ ಆಕ್ಸೆಸ್‌ನಲ್ಲಿ (ಪೂರ್ತಿ ಮುಗಿಯೋ ಮೊದ್ಲೇ ಆಡೋಕೆ ಬಿಡೋದು) ಬಂತು, ಅನ್‌ರಿಯಲ್ ಎಂಜಿನ್ 5. ನೋಡೋಕೆ ಭಾರೀ ಚೆಂದ, ಊರೂ ಓಪನ್, ಕಾರೂ ಇದೆ, ನಿಮ್ಮ ಆಫೀಸಿನವ್ರು ಹೇಳಿದ್ದು ಸರಿ. ಆದ್ರೆ ಕನಿಷ್ಠ ಅಂತಲೇ 12 ಜಿಬಿ ರ್ಯಾಮ್, ಆರ್‌ಟಿಎಕ್ಸ್ 2060 ಕೇಳುತ್ತೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಆಗಲ್ಲ. ನಾನು ನನ್ನ ಮೆಷಿನ್‌ನಲ್ಲಿ ಎರಡು ವಾರ ಆಡಿದೆ, ಮನೆ ಫೋಟೋದಂಗೆ ಬರುತ್ತೆ, ಆದ್ರೆ ಅದರೊಳಗಿರೋ ಜನ ಒಬ್ಬರಿಗೊಬ್ಬರು ನಿಜವಾಗಿ ಬೇಕಾದವ್ರು ಅಂತ ನಂಗೆ ಇನ್ನೂ ಅನ್ನಿಸಿಲ್ಲ.

ಸಿಮ್ಸ್ 5ಕ್ಕೆ ಕಾಯಬೇಡಿ. ಪ್ರಾಜೆಕ್ಟ್ ರೆನೆ ಅಂತ 2022ರಲ್ಲಿ ತೋರಿಸಿದ್ರು, ಎಲ್ರೂ ಅದೇ 5 ಅಂದ್ಕೊಂಡ್ವಿ, ಆಮೇಲೆ ಅವ್ರೇ ಅದು ಸಿಮ್ಸ್ 4ರ ಮುಂದಿನ ಭಾಗ ಅಲ್ಲ, 4 ಮುಂದುವರಿಯುತ್ತೆ ಅಂತ ಹೇಳಿದ್ರು. ಲೈಫ್ ಬೈ ಯು ಅಂತ ಇಂಥದ್ದೇ ಇನ್ನೊಂದು ಆಟಕ್ಕೆ ನಾನು ಒಂದು ವರ್ಷಕ್ಕೂ ಜಾಸ್ತಿ ಕಾದೆ, 2024ರ ಜೂನ್‌ನಲ್ಲಿ ಅದನ್ನ ನಿಲ್ಲಿಸೇ ಬಿಟ್ರು. ಕೈಲಿರೋದ್ರಲ್ಲಿ ಕಟ್ಟಿ. ಎರಡೂ ಇಟ್ಕೊಳ್ಳಿ, ಒಂದನ್ನ ಬಿಡಲೇಬೇಕು ಅಂತ ಏನಿಲ್ಲ.

ಪುಣೆ_ಹುಬ್ಬಳ್ಳಿ

ವಾಸ್ಕೋ ಅಕ್ಕಾರ ಮಾತು ಓದಿ ನಾನೂ ಮತ್ತ ಹಾಕಿ ನೋಡಿದ್ನಿರಿ. ಫಾರ್ ರೆಂಟ್ ಪ್ಯಾಕ್ 2023ರ ಡಿಸೆಂಬರ್‌ದಾಗ ಬಂದಿತ್ತಲ್ಲ, ಅದನ್ನ ಸೇಲ್‌ದಾಗ ತಗೊಂಡೆ. ಒಂದ ಲಾಟ್‌ದಾಗ (ಮನಿ ಕಟ್ಟೂ ಜಾಗಾ) ನಾಕೈದು ಮನಿ ಮಾಡಿ, ನಡುವಿನ ಅಂಗಳಾ ಎಲ್ಲಾರಿಗೂ ಕೂಡಿದ್ದು ಅಂತ ಬಿಡಬಹುದು. ಸಿಟಿ ಲಿವಿಂಗ್ ಅನ್ನೂ ಹಳೇ ಪ್ಯಾಕ್‌ದಾಗ ಅಪಾರ್ಟ್‌ಮೆಂಟಿನ ಒಳಗಷ್ಟ ಬದಲಿ ಮಾಡೂದಿತ್ತು, ಹೊರಗಿನ ಗ್ವಾಡಿ ಮುಟ್ಟಾಕ ಬರ್ತಿರಲಿಲ್ಲ, ಇದ್ರಾಗ ಇಡೀ ಕಟ್ಟಡ ನಾವ ಕಟ್ಟತೇವಿ. ನಮ್ಮ ವಾಡೇದ ನಳದ ಕಟ್ಟಿ ಕಟ್ಟೇನ್ರಿ. ಸಂಜಿಮುಂದ ಎರಡು ಮನ್ಯಾವ್ರು ಅಂಗಳದಾಗ ನಿಂತು ಮಾತಾಡತಿದ್ರು, ಸಿಮ್ಲಿಶ್‌ದಾಗ (ಆಟದಾಗಿನ ಮಂದಿಯ ಹುಟ್ಟಿಸಿದ ಭಾಷೆ) ಏನ ಅಂತಾರೋ ತಿಳಿಯೂದಿಲ್ಲ, ಆದ್ರ ನಮ್ಮ ಅವ್ವ ಬಂದು ನೋಡಿ "ಇಕೀ ಜೋಶಿಯವ್ರ ಮನ್ಯಾಕಿ ಇದ್ದಂಗ ಕೈ ಮಾಡ್ತಾಳ" ಅಂದ್ಳು. ಓಪನ್ ವರ್ಲ್ಡ್ ಬೇಕ ಬೇಕು ಅನ್ನೂದು ನಾ ಬಿಡೂದಿಲ್ಲ. ಆದ್ರ ವಾಡೇದ ಮಟ್ಟಿಗೆ ಇದು ನಡೀತದ.

ಡೊಂಬಿವಲಿ_ಕುಂದಾಪ್ರ

ಹತ್ತು ದಿನ ಆಯ್ತು, ಹೇಳ್ಬೇಕು ಅನ್ನಿಸ್ತು.

ಪ್ಲಾಟ್‌ಫಾರ್ಮ್ ಹಾಕಿ ಜಗಲಿ ಎತ್ತರ ಮಾಡಿದೆ. ಸಿಮ್ಸ್ 3ರಲ್ಲಿ ನನ್ನ ಜಗಲಿ ನೆಲಕ್ಕೆ ಸಮ ಇತ್ತು, ಅಮ್ಮ ಏನೂ ಹೇಳಿರ್ಲಿಲ್ಲ ಅಷ್ಟೇ. ಈಗ ಮೂರು ಮೆಟ್ಟಿಲು ಇಟ್ಟ ಕೂಡ್ಲೇ "ಹಾಂ, ಇಲ್ಲಿ ಅಜ್ಜಿ ಕಾಲು ಕೆಳಗೆ ಬಿಟ್ಟು ಕೂತ್ಕೊಳ್ತಿದ್ರು" ಅಂದ್ರು. ನೆಲದ ಬಣ್ಣ ಸರಿ ಬರ್ಲಿಲ್ಲ, ಸ್ವಲ್ಪ ಇಟ್ಟಿಗೆ ಬಣ್ಣ ಹೆಚ್ಚಾಯ್ತು, ಸೀರೆ ಹೊದಿಕೆ ಮಾಡ್ಲಿಕ್ಕೆ ಆಗ್ಲೇ ಇಲ್ಲ, ಅದು ನಂಗೆ ಈಗ್ಲೂ ನೋವು. ಆ ಹೊದಿಕೆ ಸಲುವಾಗಿ ಸಿಮ್ಸ್ 3ರ ಮನೆ ಹಾಗೇ ಇಟ್ಕೊಳ್ತೇನೆ, ಕೆರೆ ತನಕ ನಡ್ಕೊಂಡು ಹೋಗ್ಬೇಕು ಅನ್ನಿಸಿದ್ರೆ ಅದನ್ನ ತೆರೀತೇನೆ, ಹತ್ತು ನಿಮಿಷ ಆದ್ರೆ ಆಗ್ಲಿ. ಹೊಸ ಮನೆಯಲ್ಲಿ ಜನ ಇರ್ತಾರೆ. ಅಜ್ಜಿ, ಅಮ್ಮ ಹದಿನೈದು ವರ್ಷದವ್ಳು, ಮತ್ತೆ ನಮ್ಮ ಚಿಕ್ಕ ಮಾವ ಎಳೆ ಮಗು. ಅಮ್ಮ ಹೇಳ್ತಾರೆ ಆ ಮಾವನನ್ನ ಸಾಕಿದ್ದು ತಾನೇ ಅಂತ, ನಂಗೆ ಇದು ಗೊತ್ತೇ ಇರ್ಲಿಲ್ಲ, ಆಟದಲ್ಲಿ ಮಗುನ ಯಾರ ಕೈಗೆ ಕೊಡ್ಲಿ ಅಂತ ಕೇಳಿದಾಗ ಹೊರಗೆ ಬಂದ ಮಾತು. ಅಕ್ಕನ ಮಗಳು ಹಟ್ಟಿ ಕಟ್ಟುವ ಕೆಲಸ ತಗೊಂಡಿದ್ದಾಳೆ.

ವಯಸ್ಸಾಗೋದನ್ನ ಸೆಟ್ಟಿಂಗ್‌ನಲ್ಲಿ ಆಫ್ ಮಾಡಿದ್ದೇನೆ. ಅಜ್ಜಿ ಇರ್ಲಿ.

ವಾಸ್ಕೋ ಅಕ್ಕ, ಒಂದು ಕೇಳೋದಿತ್ತು, ಒಳಜಗಲಿಗೂ ಹೊರಜಗಲಿಗೂ ನಡುವೆ ಮರದ ಕಂಬ ಸಾಲಾಗಿ ಇಟ್ರೆ ಮಾಡು ಸರಿಯಾಗಿ ಕೂರ್ತಾ ಇಲ್ಲ, ಒಂದು ಕಡೆ ಮೇಲೆ ಏಳ್ತದೆ. ನಿಮ್ಮ ಅತ್ತೆ ಮನೆಯಲ್ಲಿ ಅದನ್ನ ಹೇಗೆ ಮಾಡಿದ್ರಿ? ಆದ್ರೆ ಒಂದು ಸ್ಕ್ರೀನ್‌ಶಾಟ್ ಹಾಕಿ.